ಎಡಿಟ್ ವಾರ್: ವಿಯೆಟ್ನಾಂ ಎಂಬ ಹೆಸರಿನ ಸುತ್ತ

ವಿಕಿಪೀಡಿಯಾದ ಒಂದು ಪುಟವನ್ನು ಒಬ್ಬರು ತಿದ್ದುತ್ತಾರೆ. ಇನ್ನೊಬ್ಬರು ಬಂದು ಆ ತಿದ್ದುಪಡಿ ತೆಗೆದು ಮೊದಲಿನಂತೆ ಮಾಡುತ್ತಾರೆ. ಹೀಗೆ ತೆಗೆಯುವುದಕ್ಕೆ ‘ರಿವರ್ಟ್’ ಅನ್ನುತ್ತಾರೆ. ಇಬ್ಬರೂ ಹಟಕ್ಕೆ ಬಿದ್ದು ಇದನ್ನೇ ಮಾಡುತ್ತಾ ಹೋದರೆ ಅದು ‘ಎಡಿಟ್ ವಾರ್’. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಇದಕ್ಕೊಂದು ಕಡಿವಾಣವಿದೆ: ಒಬ್ಬರು ಒಂದು ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ರಿವರ್ಟ್ ಮಾಡುವಂತಿಲ್ಲ.

ವಿಯೆಟ್ನಾಂ ಇತಿಹಾಸದ ಪುಟಗಳಲ್ಲಿ ನಾಡನ್ನು ಏನೆಂದು ಕರೆಯಬೇಕು ಎಂಬುದಕ್ಕೇ ಇಂಥ ಜಗಳ ಹುಟ್ಟುತ್ತದೆ. ಒಂದು ಹೆಸರಿಗೋಸ್ಕರ ಇಷ್ಟು ಜಗಳ ಯಾಕೆ? ವಿಯೆಟ್ನಾಂನ ಹಳೆಯ ಹೆಸರುಗಳನ್ನು ನೋಡಿದರೆ ಗೊತ್ತಾಗುತ್ತದೆ.

‘ವಿಯೆತ್’ ಜನರ ಹೆಸರು, ‘ನಾಮ್’ ಅಂದರೆ ದಕ್ಷಿಣ. 1802ರಲ್ಲಿ ದೇಶವನ್ನು ಒಂದುಗೂಡಿಸಿದ ದೊರೆ ಜಾ ಲಾಂಗ್‌ಗೆ ಬೇಕಿದ್ದ ಹೆಸರು ‘ನಾಮ್ ವಿಯೆತ್’. ಚೀನಾದ ಚಿಂಗ್ ವಂಶದ ದೊರೆ ಒಪ್ಪಲಿಲ್ಲ. ಎರಡು ಸಾವಿರ ವರ್ಷ ಹಿಂದೆ ಅದೇ ಹೆಸರಿನ ರಾಜ್ಯವೊಂದಿತ್ತು. ಈಗಿನ ಚೀನಾದ ಗುವಾಂಗ್‌ಡಾಂಗ್, ಗುವಾಂಗ್‌ಶಿ ಪ್ರಾಂತ್ಯಗಳು ಕೂಡ ಅದರೊಳಗಿದ್ದವು. ಹೆಸರು ಕೊಟ್ಟರೆ ನಾಳೆ ಆ ನೆಲವನ್ನೂ ಕೇಳಿಯಾರು ಎಂಬ ಅಳುಕು. ಕೊನೆಗೆ 1804ರಲ್ಲಿ ಎರಡು ಪದಗಳನ್ನು ಹಿಂದುಮುಂದು ಮಾಡಿ ‘ವಿಯೆತ್ ನಾಮ್’ ಎಂದು ಒಪ್ಪಿದರು. ನಾವು ಇವತ್ತು ದಿನಾ ಹೇಳುವ ಹೆಸರೇ ಒಂದು ತಿದ್ದುಪಡಿ!

ಆ ಹಳೆಯ ‘ನಾಮ್ ವಿಯೆತ್’ ರಾಜ್ಯದ ವಿಕಿಪೀಡಿಯಾ ಪುಟವಂತೂ ಕೈಯಿಟ್ಟಲ್ಲೆಲ್ಲ ಬಿಸಿ. ಅದನ್ನು ಕಟ್ಟಿದವನು ಚೀನಾದ ಚಿನ್ ವಂಶದ ಸೇನೆಯ ಅಧಿಕಾರಿ. ರಾಜಧಾನಿ ಇದ್ದದ್ದು ಈಗಿನ ಗುವಾಂಗ್‌ಜೌ ಊರಲ್ಲಿ. ಕ್ರಿ.ಪೂ. 111ರಲ್ಲಿ ಚೀನಾದ ಹಾನ್ ವಂಶದ ಸೇನೆ ಆ ರಾಜ್ಯವನ್ನು ಗೆದ್ದಿತು. ರಾಜ್ಯದ ಹೆಸರು ಬರೆಯುವ ಚೀನೀ ಅಕ್ಷರಗಳು ಒಂದೇ, ಆದರೆ ಚೀನಿಯರು ‘ನಾನ್‌ಯುಯೆ’ ಎಂದು ಓದುತ್ತಾರೆ, ವಿಯೆಟ್ನಾಮಿಗಳು ‘ನಾಮ್ ವಿಯೆತ್’ ಎಂದು. ಪುಟಕ್ಕೆ ಯಾವ ಹೆಸರಿಟ್ಟರೂ ಒಂದು ಪಕ್ಷ ಹಿಡಿದ ಹಾಗೆ ಕಾಣುತ್ತದೆ, ಅಲ್ವಾ? ವಿಯೆಟ್ನಾಂನ ಒಳಗೇ ಒಮ್ಮತವಿರಲಿಲ್ಲ. 13ನೇ ಶತಮಾನದ ಇತಿಹಾಸಕಾರ ಲೆ ವಾನ್ ಹೂ ಆ ರಾಜ್ಯ ಕಟ್ಟಿದ ದೊರೆಯನ್ನು ನಮ್ಮವನು ಎಂದು ಎಣಿಸಿದರು. 18ನೇ ಶತಮಾನದ ಙೋ ಥೀ ಸೀ, ಅವನು ಹೊರಗಿನವನು ಎಂದರು.

ಇನ್ನೊಂದು ಹೆಸರು ‘ಅನ್ನಾಮ್’. 679ರಲ್ಲಿ ಚೀನಾದ ತಾಂಗ್ ಆಡಳಿತ ಇಟ್ಟದ್ದು. ಅರ್ಥ, ಶಾಂತಗೊಳಿಸಿದ ದಕ್ಷಿಣ. ಯಾರು ಶಾಂತಗೊಳಿಸಿದರು ಎಂದು ಕೇಳಿಕೊಂಡರೆ ಆ ಹೆಸರು ಯಾಕೆ ನೋಯಿಸುತ್ತದೆ ಎಂದು ತಿಳಿಯುತ್ತದೆ. 1054ರಲ್ಲಿ ಅಲ್ಲಿನ ದೊರೆಗಳು ತಮ್ಮ ನಾಡನ್ನು ‘ದಾಯ್ ವಿಯೆತ್’, ಅಂದರೆ ಮಹಾ ವಿಯೆತ್, ಎಂದು ಕರೆದುಕೊಂಡರು. ಆಮೇಲೂ ಚೀನಾದ ಕಾಗದಗಳಲ್ಲಿ ಅವರು ಅನ್ನಾಮಿನ ರಾಜರೇ. ಮುಂದೆ ಫ್ರೆಂಚರು ದೇಶದ ನಡುಭಾಗಕ್ಕೆ ಅನ್ನಾಮ್, ಉತ್ತರಕ್ಕೆ ಟಾಂಕಿನ್, ದಕ್ಷಿಣಕ್ಕೆ ಕೊಚಿನ್‌ಚೀನಾ ಎಂದರು. (ಈ ಕೊನೆಯ ಹೆಸರಿಗೆ ‘ಚೀನಾ’ ಅಂಟಿಕೊಂಡದ್ದು ನಮ್ಮ ಪಕ್ಕದ ಕೇರಳದ ಕೊಚ್ಚಿಯ ಜೊತೆ ಗೊಂದಲ ಆಗಬಾರದು ಅಂತ.)

ಹಾಗಾಗಿ 15ನೇ ಶತಮಾನದ ಒಂದು ಯುದ್ಧದ ಪುಟದಲ್ಲಿ ದಾಯ್ ವಿಯೆತ್ ತೆಗೆದು ಅನ್ನಾಮ್ ಹಾಕುವುದು ಸುಮ್ನೆ ಪದ ಬದಲಿಸಿದಂತಲ್ಲ. ಯಾರ ಕಣ್ಣಿಂದ ನೋಡುತ್ತೇವೆ ಎಂಬುದೇ ಬದಲಾಗುತ್ತದೆ. ಇಂಥ ಕಡೆ ಆ ಕಾಲದಲ್ಲಿ ಆ ನಾಡು ತನ್ನನ್ನು ಕರೆದುಕೊಂಡ ಹೆಸರು ಬಳಸಿ, ಬೇರೆಯವರು ಏನೆಂದರು, ಯಾವಾಗ ಎಂದು ಜೊತೆಗೇ ಬರೆಯುವುದು ನನಗೆ ಸರಿ ಕಾಣುತ್ತದೆ. ರಿವರ್ಟ್ ಒತ್ತುವ ಮೊದಲು ಚರ್ಚೆ ಪುಟದಲ್ಲಿ ಎರಡು ಸಾಲು ಬರೆದರೆ ಎಷ್ಟೋ ಜಗಳ ಅಲ್ಲೇ ನಿಲ್ಲುತ್ತದೆ.

ಅಷ್ಟಾದರೂ ಚಂಪಾದ ಮಾತು ಉಳಿಯುತ್ತದೆ. ಈಗಿನ ಮಧ್ಯ ವಿಯೆಟ್ನಾಂನಲ್ಲಿ ಚಾಮ್ ಜನರದೇ ಬೇರೆ ನಾಡಿತ್ತು, ಅದೇ ಚಂಪಾ. ಅಲ್ಲಿನ ಮೀ ಸನ್‌ನಲ್ಲಿ ಅವರ ಶಿವ ದೇಗುಲಗಳೂ ಸಂಸ್ಕೃತ ಶಾಸನಗಳೂ ಇವೆ. 1471ರಲ್ಲಿ ದಾಯ್ ವಿಯೆತ್ ಅವರ ರಾಜಧಾನಿ ‘ವಿಜಯ’ ಎಂಬ ಊರನ್ನು ಗೆದ್ದಿತು. ಉಳಿದ ಚೂರು 1832ರಲ್ಲಿ ಹೋಯಿತು. ಆ ದೇಗುಲಗಳನ್ನು ‘ವಿಯೆಟ್ನಾಂ ರಾಜರು ಕಟ್ಟಿಸಿದರು’ ಎಂದು ಯಾರಾದರೂ ಬರೆದರೆ, ದಯವಿಟ್ಟು ಆ ಸಾಲನ್ನು ತಿದ್ದಿ.