ಹಿಕ್ಕೆಯ ತುದಿಯ ಬಿಳಿ ಮತ್ತು ಹಳೇ ರಟ್ಟಿನ ಡಬ್ಬ

ಕೋಳಿ ಹಿಕ್ಕೆಯನ್ನು ಯಾವತ್ತಾದರೂ ಬಗ್ಗಿ ನೋಡಿದ್ದೀರಾ? ಮುಖ ಕಿವುಚಬೇಡಿ. ಕಂದು ಮುದ್ದೆ, ಅದರ ತುದಿಗೆ ಸುಣ್ಣ ಮೆತ್ತಿದ ಹಾಗೆ ಬಿಳಿ. "ಕೋಳಿ ಉಚ್ಚೆ ಹೊಯ್ಯಲ್ಲ" ಅಂತ ಹೇಳುವವರು ಬಹಳ ಜನ ಇದ್ದಾರೆ. ತಪ್ಪು. ಆ ಬಿಳಿಯೇ ಕೋಳಿಯ ಮೂತ್ರ. ಅದರ ಹೆಸರು ಯೂರಿಕ್ ಆಮ್ಲ. ಅದು ಒಣಗಿದರೆ ಗೂಡು ನಾರುವುದಿಲ್ಲ, ನೆನೆದರೆ ನಾರುತ್ತದೆ. ಗೂಡಿನ ನೆಲಕ್ಕೆ ಹಾಕುವ ಹಾಸಿನ ವಿಷಯವೆಲ್ಲ ಇಷ್ಟರಲ್ಲೇ ಇದೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಹನ್ನೆರಡು ನಾಟಿ ಕೋಳಿ ಇವೆ. ಜುಲೈ ತಿಂಗಳ ಮಳೆಯಲ್ಲಿ ಒಣ ಉಮಿ ಸಿಗುವುದಿಲ್ಲ, ಉದುರಿದ ಎಲೆಯ ದರಗೂ ಒದ್ದೆ. ಪಾರ್ಸೆಲ್ ಬಂದ ರಟ್ಟಿನ ಡಬ್ಬಗಳು ಮಾತ್ರ ಅಟ್ಟದ ತುಂಬ ಇದ್ದವು. ಅವನ್ನೇ ಹರಿದು, ಜೊತೆಗೆ ಹಳೇ ಪೇಪರೂ ಸೇರಿಸಿ ಗೂಡಿಗೆ ಹಾಕಲು ಹೊರಟೆ. ಅತ್ತೆ ತಡೆದರು. "ಕಾಗದ ಸರಸ್ವತಿ ಕಣೇ, ಕೋಳಿ ಕಾಲ ಕೆಳಗೆ ಹಾಕ್ತೀಯಾ?" ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಂಡು ಬೆಳೆದವಳು ನಾನೂ. ಆದರೂ ಹಾಕಿದೆ. ಯಾಕೆ ಅಂತ ಹೇಳುತ್ತೇನೆ.

ನಾವು, ದನ, ನಾಯಿ ಎಲ್ಲ ಬೇಡದ ಸಾರಜನಕವನ್ನು ಯೂರಿಯಾ ಮಾಡಿ ಹೊರಹಾಕುತ್ತೇವೆ. ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದು ಕೆ.ಜಿ. ಯೂರಿಯಾ ಕರಗುತ್ತದೆ. ಕೋಳಿ ಹೊರಹಾಕುವ ಯೂರಿಕ್ ಆಮ್ಲ ಕರಗುವುದು ಬರೀ 60 ಮಿಲಿಗ್ರಾಂ. ಒಂದು ಚಿಟಿಕೆಯೂ ಅಲ್ಲ! ಯೂರಿಯಾ ಸಕ್ಕರೆ ಇದ್ದ ಹಾಗೆ, ಯೂರಿಕ್ ಆಮ್ಲ ರಂಗೋಲಿ ಪುಡಿ ಇದ್ದ ಹಾಗೆ. ಮೊಟ್ಟೆಯೊಳಗಿನ ಮರಿಗೆ ಇದರಿಂದ ದೊಡ್ಡ ಅನುಕೂಲ. ಮೂರು ವಾರ ಚಿಪ್ಪಿನೊಳಗೇ ಇರಬೇಕು, ಹೊರಗೆ ಹೋಗುವ ದಾರಿಯಿಲ್ಲ. ಕಸ ಕರಗಿದರೆ ಮರಿಯ ಮೈಗೇ ವಿಷ. ಪುಡಿಯಾಗಿ ಒಂದು ಮೂಲೆಯಲ್ಲಿ ಕೂತರೆ ತೊಂದರೆ ಇಲ್ಲ.

ಒಣಗಿದ ಯೂರಿಕ್ ಆಮ್ಲ ಡಬ್ಬಿಯಲ್ಲಿಟ್ಟ ಹಪ್ಪಳದ ಹಾಗೆ. ವರ್ಷಗಟ್ಟಲೆ ಏನೂ ಆಗುವುದಿಲ್ಲ. ತೇವ ತಗುಲಿತೋ, ಕಥೆ ಬೇರೆ. ಹಿಕ್ಕೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಕೆಲಸ ಮಾಡಲು ನೀರು ಬೇಕು. ನೀರು ಸಿಕ್ಕ ಕೂಡಲೇ ಅವು ಯೂರಿಕ್ ಆಮ್ಲವನ್ನು ಹಂತಹಂತವಾಗಿ ಒಡೆಯುತ್ತವೆ. ಒಂದೊಂದು ಅಣುವಿನಲ್ಲೂ ನಾಲ್ಕು ಸಾರಜನಕ ಇವೆ. ಅವು ಕೊನೆಗೆ ಅಮೋನಿಯಾ ಅನ್ನುವ ನಾರುವ ಅನಿಲವಾಗಿ ಮೇಲೇಳುತ್ತವೆ. ಬೀಗ ಹಾಕಿದ ಪೆಟ್ಟಿಗೆ ಅಂದುಕೊಳ್ಳಿ, ನೀರೇ ಕೀಲಿಕೈ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯಾ 25 ಭಾಗ ದಾಟಿದರೆ ಕೋಳಿಗೆ ಕಣ್ಣುರಿ, ಉಸಿರಾಟದ ತೊಂದರೆ. ನಿಂತವರ ಮೂಗಿಗೆ ಇದು ತಡವಾಗಿ ಗೊತ್ತಾಗುತ್ತದೆ. ಕೋಳಿಯ ಮೂಗು ನೆಲದಿಂದ ಒಂದು ಗೇಣು ಎತ್ತರದಲ್ಲಿದೆ ಅಲ್ವಾ? ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಉಸಿರೆಳೆದುಕೊಳ್ಳಿ, ಆಗ ನಿಜ ತಿಳಿಯುತ್ತದೆ.

ಪೆರು ದೇಶದ ಕರಾವಳಿಯಲ್ಲಿ ಚಿಂಚಾ ದ್ವೀಪಗಳಿವೆ. ಅಲ್ಲಿ ಮಳೆ ಅಂದರೆ ಇಲ್ಲವೇ ಇಲ್ಲ ಅನ್ನಬಹುದು. ಕಡಲ ಹಕ್ಕಿಗಳ ಹಿಕ್ಕೆ ಶತಮಾನಗಟ್ಟಲೆ ಒಣಗಿ ಒಣಗಿ ಹತ್ತಾರು ಮೀಟರ್ ಎತ್ತರ ಪೇರಿಸಿಕೊಂಡಿತ್ತು. ಸಾರಜನಕ ಹಾರಿಹೋಗದೆ ಒಳಗೇ ಉಳಿದಿತ್ತು. ಗ್ವಾನೋ ಅನ್ನುವ ಈ ಗೊಬ್ಬರಕ್ಕೆ 19ನೇ ಶತಮಾನದಲ್ಲಿ ಯುರೋಪು ಮುಗಿಬಿತ್ತು. 1856ರಲ್ಲಿ ಅಮೆರಿಕ ಗ್ವಾನೋ ಇರುವ ದ್ವೀಪಗಳನ್ನು ತನ್ನದಾಗಿಸಿಕೊಳ್ಳಲು ಕಾನೂನನ್ನೇ ಮಾಡಿತು. 1864ರಲ್ಲಿ ಸ್ಪೇನ್ ಚಿಂಚಾ ದ್ವೀಪಗಳನ್ನು ಹಿಡಿದು ಯುದ್ಧವೇ ಆಯಿತು. ಅದೇ ಹಿಕ್ಕೆ ನಮ್ಮ ಆಗುಂಬೆಯಲ್ಲಿ ಬಿದ್ದಿದ್ದರೆ ಒಂದು ಮಳೆಗಾಲವೂ ಉಳಿಯುತ್ತಿರಲಿಲ್ಲ. ನನ್ನ ಗೂಡಿನೊಳಗೆ ನನಗೆ ಬೇಕಿದ್ದದ್ದು ಪೆರುವಿನ ಹವೆ!

ಅದೇ 1856ರಲ್ಲಿ ಇಂಗ್ಲೆಂಡಿನಲ್ಲಿ ಸುಕ್ಕು ಕಾಗದಕ್ಕೆ ಪೇಟೆಂಟ್ ಸಿಕ್ಕಿತು, ಉದ್ದ ಟೋಪಿಗಳ ಒಳಗೆ ಇಡಲು. ಆ ಸುಕ್ಕೇ ಇವತ್ತಿನ ರಟ್ಟಿನ ಡಬ್ಬದ ಹೊಟ್ಟೆಯಲ್ಲಿದೆ. ಒಂದು ತುಂಡು ಕತ್ತರಿಸಿ ಅಂಚು ನೋಡಿ. ಎರಡು ಹಾಳೆ, ನಡುವೆ ಅಲೆ ಅಲೆ, ಅಲೆಗಳ ನಡುವೆ ಗಾಳಿ. ಕಾಗದವೆಲ್ಲ ಸೆಲ್ಯುಲೋಸ್ ನಾರು. ಆ ನಾರಿಗೆ ನೀರೆಂದರೆ ಪ್ರೀತಿ, ಅಣುವಣುವನ್ನೂ ಎಳೆದುಕೊಳ್ಳುತ್ತದೆ. ಹಿಕ್ಕೆಯ ನೀರು ರಟ್ಟಿಗೆ ಹೋಗಿ, ರಟ್ಟಿನಿಂದ ಗಾಳಿಗೆ ಹೋಗುತ್ತದೆ. ಬರೀ ಪೇಪರ್ ಚೂರು ಹಾಕಿದರೆ ಕುಡಿದ ನೀರನ್ನು ಬಿಡದೆ, ಎರಡೇ ದಿನಕ್ಕೆ ಅಂಬಲಿಯ ಹಾಗೆ ಅಂಟಿಕೊಳ್ಳುತ್ತದೆ. ರಟ್ಟು ಸ್ವಲ್ಪ ಹೊತ್ತು ಬಿರುಸಾಗಿ ನಿಲ್ಲುತ್ತದೆ. ಎರಡನ್ನೂ ಬೆರೆಸಿ, ನಾಲ್ಕು ಬೆರಳು ದಪ್ಪ ಹಾಕಿ, ದಿನಕ್ಕೊಮ್ಮೆ ಕೆದಕಬೇಕು. ಒಂದು ಹಿಡಿ ಮೆಕ್ಕೆಜೋಳ ಎರಚಿದರೆ ಅರ್ಧ ಕೆಲಸ ಕೋಳಿಗಳೇ ಮಾಡುತ್ತವೆ.

ವಾಸನೆ ಬಂತು ಅಂತ ಒದ್ದೆ ಹಾಸಿನ ಮೇಲೆ ಸುಣ್ಣ ಎರಚುವವರನ್ನು ಕಂಡರೆ ನನಗೆ ಸಂಕಟ. ಹಾಸಿನಲ್ಲಿ ಅಮೋನಿಯಂ ರೂಪದಲ್ಲಿ ಸುಮ್ನೆ ಕೂತಿದ್ದದ್ದು ಸುಣ್ಣದ ಕ್ಷಾರಕ್ಕೆ ಅಮೋನಿಯಾ ಅನಿಲವಾಗಿ ಎದ್ದು ಬರುತ್ತದೆ. ಬೆಂಕಿಗೆ ತುಪ್ಪ ಸುರಿದ ಹಾಗೆ. ಒದ್ದೆಯಾದದ್ದನ್ನು ಬಾಚಿ ತೆಗೆಯುವುದೇ ಮದ್ದು.

ಇನ್ನು ಎಚ್ಚರಿಕೆಗಳು. ಮೊದಲ ಸಲ ಮರಿಗಳ ಕೆಳಗೆ ಇಡೀ ಪೇಪರ್ ಹಾಸಿದ್ದೆ. ನುಣುಪಿಗೆ ಕಾಲೂರಲಾಗದೆ ಒಂದು ಮರಿಯ ಎರಡೂ ಕಾಲು ಪಕ್ಕಕ್ಕೆ ಜಾರಿ ಹಾಗೇ ನಿಂತುಬಿಟ್ಟವು. ಎರಡು ಕಾಲಿಗೂ ಸೇರಿಸಿ ಬಟ್ಟೆಪಟ್ಟಿ ಕಟ್ಟಿ, ನಾಲ್ಕು ದಿನ ಕಾದ ಮೇಲೆ ನೆಟ್ಟಗೆ ನಿಂತಿತು. ಹಾಗಾಗಿ ಮರಿಗೆ ನುಣುಪು ಹಾಳೆ ಬೇಡವೇ ಬೇಡ. ಬಣ್ಣದ ಮಿರುಗುವ ಕಾಗದ ಬೇಡ. ಎಟಿಎಂ ಚೀಟಿ, ಅಂಗಡಿ ಬಿಲ್ಲು ಕೂಡ ಬೇಡ. ಶಾಖದಿಂದ ಅಕ್ಷರ ಮೂಡುವ ಆ ಕಾಗದದಲ್ಲಿ ಬಿಸ್ಫಿನಾಲ್ ಅನ್ನುವ ಹಾನಿಕಾರಕ ರಾಸಾಯನಿಕ ಇರುತ್ತದೆ, ಕೋಳಿ ಎಲ್ಲವನ್ನೂ ಕುಕ್ಕಿ ನೋಡುತ್ತದೆ. ಟೇಪು, ಪಿನ್ನು ಕಿತ್ತು ಹಾಕಿ.

ರಟ್ಟನ್ನು ಇಡಿಯಾಗಿ ಮೂಲೆಯಲ್ಲಿ ಬಿಟ್ಟರೆ ಇನ್ನೊಂದು ಕಾಟ. ರಾತ್ರಿ ಕೋಳಿಯ ರಕ್ತ ಹೀರುವ ಕೆಂಪು ನುಸಿ ಹಗಲು ಆ ಸುಕ್ಕುಗಳಲ್ಲೇ ಅಡಗುತ್ತದೆ. ನುಸಿ ಇದೆಯಾ ಅಂತ ಪತ್ತೆ ಹಚ್ಚಲು ರಟ್ಟಿನ ತುಂಡನ್ನೇ ಬೋನಿನ ಹಾಗೆ ಇಡುವುದೂ ಇದೇ ಕಾರಣಕ್ಕೆ. ಎರಡು ಬೆರಳಗಲ ಹರಿದು, ಆಗಾಗ ಬದಲಿಸುತ್ತಿದ್ದರೆ ಅದಕ್ಕೆ ಮನೆ ಸಿಗುವುದಿಲ್ಲ.

ತೆಗೆದ ಹಾಸು ಗೊಬ್ಬರದ ಗುಂಡಿಗೆ ಹೋಗುತ್ತದೆ. ಹಿಕ್ಕೆಯಲ್ಲಿ ಸಾರಜನಕ ಜಾಸ್ತಿ, ರಟ್ಟಿನಲ್ಲಿ ಇಂಗಾಲ ಜಾಸ್ತಿ. ಕೊಳೆಯಲು ಎರಡೂ ಬೇಕು. ಅಲ್ಲಿಂದ ಮುಂದೆ ಅಡಿಕೆ ಮರದ ಬುಡಕ್ಕೆ.

ಅತ್ತೆ ಈಗ ಸಂಜೆ ಜಗಲಿಯಲ್ಲಿ ಕೂತು ತಾವೇ ರಟ್ಟು ಹರಿದು ಕೊಡುತ್ತಾರೆ. ಅಕ್ಷರ ಇರುವ ಭಾಗವನ್ನು ಮಾತ್ರ ಕತ್ತರಿಸಿ, ಮಡಚಿ, ಪಕ್ಕಕ್ಕೆ ಇಡುತ್ತಾರೆ.