ಬೀಟೆ ತುಂಡು ಸೀಳಿದರೆ ಕತ್ತಿ ಗಟ್ಟಿ ಅಂತಲೇ?

ಪ್ರಶ್ನೆ: ಕುಲುಮೆಯಲ್ಲಿ ಹೊಸದಾಗಿ ಮಾಡಿಸಿದ ಕತ್ತಿಯನ್ನು ಒಣಗಿದ ಬೀಟೆ ಸೀಳಿ ಪರೀಕ್ಷೆ ಮಾಡು ಅಂತಾರೆ. ಸೀಳಿದರೆ ಕತ್ತಿ ಒಳ್ಳೆಯದು, ಬಾಯಿ ಹಾರಿದರೆ (ಅಂಚಿನ ಚೂರು ಕಿತ್ತುಹೋದರೆ) ಕಮ್ಮಾರ ಮೋಸ ಮಾಡಿದ ಅಂತಲೇ ಅರ್ಥವೇ?

ಎರಡೂ ಅಲ್ಲ. ಮಳೆ ನಿಂತು ತೋಟದ ಕೆಲಸ ಶುರುವಾದಾಗಲೆಲ್ಲ ಕೊಡಗಿನಲ್ಲಿ ಸೋಮವಾರಪೇಟೆಯಿಂದ ಕುಟ್ಟದವರೆಗೆ ಇದೇ ಪ್ರಶ್ನೆ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ಈ ಸಲ ಸ್ವಲ್ಪ ಬಿಡಿಸಿ.

ಸೀಳುವಾಗ ಕತ್ತಿಯ ಬಾಯಿಗೆ ಕೆಲಸವಿರುವುದು ಶುರುವಿನಲ್ಲಿ ಮಾತ್ರ. ಬಿರುಕು ಬಿಟ್ಟ ಮೇಲೆ ಅಲಗಿನ ಎರಡು ಕೆನ್ನೆಗಳು ಬೆಣೆಯಾಗಿ ಮರವನ್ನು ತಳ್ಳುತ್ತವೆ, ಬಿರುಕು ಮುಂದೆ ಓಡುತ್ತದೆ, ಬಾಯಿ ಏನನ್ನೂ ಮುಟ್ಟದೆ ಹಿಂದೆ ಉಳಿಯುತ್ತದೆ. ನೇರ ಎಳೆಯ ಸಿಲ್ವರ್ ಓಕನ್ನು ಹದವೇ ಹಾಕದ (ಕಾಯಿಸಿ ಅದ್ದಿ ಗಡಸು ಮಾಡದ) ಕಬ್ಬಿಣದ ಪಟ್ಟಿಯೂ ಸೀಳುತ್ತದೆ. ಬೀಟೆ ತೇಗಕ್ಕಿಂತ ಎರಡು ಪಟ್ಟು ಗಡಸು ಎನ್ನುವುದು ನಿಜ: ಮರದ ಗಡಸುತನ ಹೇಳುವ ಜಾಂಕಾ ಅಳತೆಯಲ್ಲಿ ತೇಗ ಸುಮಾರು 1,070 ಪೌಂಡ್, ಬೀಟೆ ಸುಮಾರು 2,440. ಆದರೆ ಅದು ಸೀಳಲು ಸತಾಯಿಸುವುದಕ್ಕೆ ಗಡಸುತನವೊಂದೇ ಕಾರಣವಲ್ಲ. ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಸಾಲದ್ದಕ್ಕೆ ಒಳಗಿನ ಸುಣ್ಣದ ಕಣಗಳು ಎಂಥ ಬಾಯನ್ನೂ ಮೊಂಡು ಮಾಡುತ್ತವೆ. (ಪರೀಕ್ಷೆಗೆಂದು ಬೀಟೆ ಕಡಿಯಲು ಹೋಗಬೇಡಿ, ಅನುಮತಿ ಇಲ್ಲದಿದ್ದರೆ ಅರಣ್ಯ ಇಲಾಖೆಯವರು ಮನೆಗೇ ಬರುತ್ತಾರೆ.)

ಇದಕ್ಕಿಂತ ಹಟಮಾರಿ ನಂಬಿಕೆ ಇನ್ನೊಂದಿದೆ: ಉಕ್ಕು ಗಡಸಾದಷ್ಟೂ ಕತ್ತಿ ಬಾಳುತ್ತದಂತೆ. ಹಾಗಾದರೆ ಲೋಹ ಉಜ್ಜುವ ಅರಕ್ಕಿಂತ ಒಳ್ಳೆಯ ಕತ್ತಿ ಇರಬಾರದಿತ್ತು. ಅರದ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 60ರ ಮೇಲೆ. ಅದನ್ನು ಕುಲುಮೆಯ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಒಂದೇಟು ಕೊಡಿ, ಎರಡು ತುಂಡು. ಹಳೆಯ ಅರವನ್ನು ಕೆನ್ನೆ ತೇಯ್ದು ಕತ್ತಿ ಮಾಡಿಸಿಕೊಂಡು, ಗಂಟಿಗೆ ಹೊಡೆದ ಕೂಡಲೇ ಅರ್ಧಚಂದ್ರದ ಚೂರು ಹಾರಿತು ಎಂದು ದೂರುವವರು ಇದನ್ನು ಗಮನಿಸಬೇಕು. ಅಡುಗೆಮನೆ ಚಾಕು 58ರಲ್ಲಿದ್ದರೆ ಸರಿ, ತೋಟದಲ್ಲಿ ಕಡಿಯುವ ಕತ್ತಿಗೆ 52ರಿಂದ 56 ಸಾಕು. ಲಾರಿ, ಜೀಪಿನ ಪ್ಲೇಟನ್ನು (ಸ್ಪ್ರಿಂಗ್ ಪಟ್ಟಿಯನ್ನು) ನಮ್ಮ ಕುಲುಮೆಗಳು ಇಷ್ಟಪಡುವುದು ಸುಮ್ಮನೆ ಅಲ್ಲ. ಆ ಉಕ್ಕು ಹೊಡೆತ ತಿನ್ನಲೆಂದೇ ತಯಾರಾದದ್ದು. ಆದರೆ ಅದನ್ನೂ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಅಲ್ಲಿಗೇ ಬಿಟ್ಟರೆ ಅರದ ಹಾಗೇ ಮುರಿಯುತ್ತದೆ. ಮತ್ತೆ ನಿಧಾನವಾಗಿ ಕಾಯಿಸಬೇಕು. ಉಜ್ಜಿ ಹೊಳಪು ಮಾಡಿದ ಜಾಗ ಹುಲ್ಲಿನ ಹಳದಿ ದಾಟಿ ಕಂದು, ನೇರಳೆಗೆ ಬಂದಾಗ ಶಾಖ 260ರಿಂದ 280 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅಲ್ಲಿ ನಿಲ್ಲಿಸಬೇಕು.

ಬಾಯಿ ಹಾರಿದ್ದರೆ ಬೈಯುವ ಮೊದಲು ಮುರಿದ ಜಾಗ ನೋಡಿ. ಸಕ್ಕರೆ ಹರಳಿನಂತೆ ಮಿನುಗಿದರೆ ಉಕ್ಕನ್ನು ಅತಿಯಾಗಿ ಕಾಯಿಸಿದ್ದಾರೆ, ತಪ್ಪು ಕುಲುಮೆಯದು. ನುಣ್ಣಗೆ ಬೂದು ಬಣ್ಣವಿದ್ದರೆ ಉಕ್ಕು ಚೆನ್ನಾಗಿದೆ, ಹದ ಗಡಸಾಗಿ ಉಳಿದಿದೆ ಅಥವಾ ಬಾಯಿ ತೀರಾ ತೆಳು. ಬಾಯಿ ಹಾರದೆ ಮಡಚಿಕೊಂಡಿದ್ದರೆ ಮೊದಲು ನಿಮ್ಮ ಸಾಣೆ ಚಕ್ರವನ್ನು ವಿಚಾರಿಸಿ. ಮಸೆಯುವಾಗ ನೀಲಿಯಾದ ಜಾಗದಲ್ಲಿ ಹದ ಇಳಿದುಹೋಗಿರುತ್ತದೆ.

ಪರೀಕ್ಷೆ ಮಾಡಲೇಬೇಕೆಂದರೆ ಹಿತ್ತಾಳೆ ಸಲಾಕೆಯಿಂದ ಶುರುಮಾಡಿ, ಪೆನ್ಸಿಲ್ ದಪ್ಪದ್ದು ಸಾಕು. ಬಾಯನ್ನು ಅದರ ಮೇಲೆ ಓರೆಯಾಗಿ ಒತ್ತಿ ಎಳೆಯಿರಿ. ಬಾಯಿ ಸಣ್ಣಗೆ ಉಬ್ಬಿ ಹಿಂದಕ್ಕೆ ಬಂದರೆ ಹದ ಸರಿ, ಉಬ್ಬು ಉಳಿದರೆ ಮೆದು, ಚೂರು ಎದ್ದರೆ ಗಡಸು. ಆಮೇಲೆ ಮರ. ಸ್ಟಂಪಿಂಗ್ ಮಾಡಿದಾಗ (ಹಳೆ ಕಾಫಿ ಗಿಡವನ್ನು ಮೋಟು ಕಡಿದಾಗ) ಸಿಕ್ಕ ಒಣ ರೋಬಸ್ಟಾ ಕಾಂಡ, ಮೂರು ಇಂಚು ದಪ್ಪ. ಅದನ್ನು ನೆಟ್ಟಗೆ ನಿಲ್ಲಿಸಿ ಕತ್ತಿಯ ಬಾಯನ್ನು ಅದರ ತಲೆಯ ಮೇಲಿಡಿ; ಅಲಗಿನ ತುದಿ ಎರಡು ಇಂಚಾದರೂ ಆಚೆ ಚಾಚಿರಲಿ, ಹೊಡೆಯುವುದು ಅಲ್ಲಿಗೆ. ಹೊಡೆಯಲು ಮರದ ಕೊಡತಿಯೇ ಬೇಕು, ಕಬ್ಬಿಣದ ಸುತ್ತಿಗೆಯಿಂದ ಬೆನ್ನಿಗೆ ಹೊಡೆದರೆ ಚೂರು ಸಿಡಿದು ಕಣ್ಣಿಗೆ ಬರುತ್ತದೆ. ಕತ್ತಿ ಸಿಕ್ಕಿಕೊಂಡರೆ ತಿರುಚಬೇಡಿ. ಎಷ್ಟೋ ಅಲಗು ಹಾಳಾಗುವುದು ಇಲ್ಲೇ. ಬಿರುಕಿಗೆ ಮರದ ಬೆಣೆ ಕೊಟ್ಟು ಬಿಡಿಸಿ. ಕೊನೆಗೆ ಒಂದು ಒಣ ಗಂಟಿಗೆ ಅಡ್ಡಲಾಗಿ ಹತ್ತು ಏಟು. ಬಾಯಿಗೆ ನಿಜವಾದ ಪರೀಕ್ಷೆ ಇದು. ಒರೆಸಿ ಬಿಸಿಲಿಗೆ ಹಿಡಿದಾಗ ಬಾಯಿಯುದ್ದಕ್ಕೂ ಎಲ್ಲೂ ಬೆಳಕು ಮಿನುಗದಿದ್ದರೆ ಕತ್ತಿ ಪಾಸು.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಪೂಜೆಗಿಡುವ ಐನ್‌ಮನೆಯ (ಕುಟುಂಬದ ಮೂಲಮನೆಯ) ಒಡಿಕತ್ತಿಯನ್ನು, ಅಂದರೆ ಕೊಡವರ ಸಾಂಪ್ರದಾಯಿಕ ಯುದ್ಧಗತ್ತಿಯನ್ನು, ಈ ಪರೀಕ್ಷೆಗೆ ಎಳೆಯಬೇಡಿ. ಅದರ ಹದ ಯಾರು, ಹೇಗೆ ಹಾಕಿದ್ದೆಂದು ಈಗ ತಿಳಿಯುವ ದಾರಿಯಿಲ್ಲ. ಕೊಡವ ಮದುವೆಯಲ್ಲಿ ಬಾಳೆ ಕಡಿಯಲು ತೆಳ್ಳಗೆ ಮಸೆದ ಬಾಯಿ ಬೇಕು, ಬಾಳೆದಿಂಡು ಬರೀ ನೀರು. ಅದೇ ಬಾಯಿ ಕಾಫಿ ಕಟ್ಟಿಗೆಯ ಮುಂದೆ ನಿಲ್ಲುವುದಿಲ್ಲ. ಬಾಳೆ ಕಡಿದ ಮೇಲೆ ಊಟಕ್ಕೆ ಓಡುವ ಮೊದಲು ಅಲಗು ತೊಳೆಯಿರಿ, ಸೊನೆ ಒಣಗಿದರೆ ಉಕ್ಕು ಕಪ್ಪಾಗುತ್ತದೆ. ಒರೆಸಿ, ತೆಂಗಿನೆಣ್ಣೆ ಸವರಿ ಎತ್ತಿಡಿ.