ಬಂಡವಾಳ ಇಲ್ಲದಿದ್ದರೆ ಹೂಡುವುದು ಏನನ್ನು?

‘ಹಳೆಯ ಮನೆ ಕೊಳ್ಳಿ, ನವೀಕರಿಸಿ, ಮಾರಿ. ಬಂಡವಾಳವೇ ಬೇಕಿಲ್ಲ.’ ಈ ವಾರ ಜಾಹೀರಾತುಗಳಲ್ಲಿ ಇದನ್ನು ಮೂರನೆಯ ಸಲ ಓದಿದೆ. ಬಂಡವಾಳವಿಲ್ಲದೆ ಮನೆ ಹೇಗೆ ಬರುತ್ತದೆ? ಮೇಸ್ತ್ರಿಯ ಕೂಲಿ ಎಲ್ಲಿಂದ ಹುಟ್ಟುತ್ತದೆ? ಹೇಳಲು ಹೊರಟಿದ್ದು ‘ಸ್ವಂತ ಹಣ ಕಡಿಮೆ ಸಾಕು’ ಎಂದು. ಇವೆರಡೂ ಒಂದೇ ಮಾತಲ್ಲ.

‘ಬಂಡವಾಳ’ದ ಬೇರು ಸಂಸ್ಕೃತದ ‘ಭಾಂಡ’. ಭಾಂಡವೆಂದರೆ ಪಾತ್ರೆ, ವ್ಯಾಪಾರಿಯ ಸರಕೂ ಹೌದು. ಅದರ ತದ್ಭವ ‘ಬಂಡ’. ಸರಕು ತುಂಬಿಡುವ ಮನೆ ಭಾಂಡಾಗಾರ. ಅದೇ ಸವೆದು ಭಂಡಾರವಾಯಿತು. ಬಂಡಸಾಲೆಯೂ ಇದೇ ಬಳಗ. ಮರಾಠಿಯಲ್ಲಿ ‘ಭಾಂಡವಲ’ ಎನ್ನುತ್ತಾರೆ, ಅರ್ಥ ಅದೇ. ಹಾಗಾಗಿ ಈ ಪದದ ಹುಟ್ಟಿನಲ್ಲಿರುವುದು ನಾಣ್ಯವಲ್ಲ, ಕೈಯಲ್ಲಿ ಹಿಡಿದು ತೂಗಬಹುದಾದ ಸರಕು. ಆ ಸರಕು ಯಾರದು ಎಂಬುದನ್ನು ಪದ ಹೇಳುವುದೇ ಇಲ್ಲ. ವ್ಯಾಪಾರಿ ಸ್ವಂತದ್ದನ್ನು ಇಟ್ಟಿರಲಿ, ಕಡ ತಂದಿರಲಿ, ಎರಡೂ ಬಂಡವಾಳವೇ.

ಅದರ ಜೊತೆಗೆ ಬರುವ ಕ್ರಿಯಾಪದ ‘ಹೂಡು’ ಇನ್ನೂ ಸ್ಪಷ್ಟವಾಗಿದೆ. ಎತ್ತು ಹೂಡುತ್ತೇವೆ, ಬಾಣ ಹೂಡುತ್ತೇವೆ. ಎತ್ತು ಎರವಲಿನದಾದರೂ ನೊಗ ಹೊರುತ್ತದೆ, ನೆಲ ಉಳುತ್ತದೆ. ಆದರೆ ಸಂಜೆಗೆ ಅದನ್ನು ಮರಳಿಸಬೇಕು, ಕಾಲು ಮುರಿದರೆ ಬೆಲೆ ಕಟ್ಟಿಕೊಡಬೇಕು. ‘ಎತ್ತೇ ಇಲ್ಲದೆ ಉತ್ತೆ’ ಎಂದು ಯಾರೂ ಹೇಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಕೊಂಡ ಬೆಲೆ, ರಿಪೇರಿ ಎಲ್ಲ ಸೇರಿ 100 ಎಂದುಕೊಳ್ಳಿ. ಸ್ವಂತದ್ದು 10, ಸಾಲ 90, ಮಾರುವ ಹೊತ್ತಿಗೆ ಬಡ್ಡಿ 6. ಮನೆ 120ಕ್ಕೆ ಹೋದರೆ ಸಾಲ, ಬಡ್ಡಿ ಕಳೆದು 24 ಉಳಿಯುತ್ತದೆ; ಹಾಕಿದ 10ಕ್ಕೆ 14 ಲಾಭ. ಜಾಹೀರಾತು ತೋರಿಸುವುದು ಇಷ್ಟನ್ನೇ. 92ಕ್ಕೆ ಹೋದರೆ? ಸ್ವಂತದ 10 ಪೂರ್ತಿ ಮುಳುಗಿ, ಮೇಲೆ 4 ಬಾಕಿ ಉಳಿಯುತ್ತದೆ. ಎಲ್ಲವನ್ನೂ ಸ್ವಂತ ಹಣದಲ್ಲೇ ಮಾಡಿದವರಿಗೆ ಅದೇ ಬೆಲೆಯಲ್ಲಿ ಹೋಗುವುದು 8 ಮಾತ್ರ, ತಲೆಯ ಮೇಲೆ ಸಾಲವೂ ಇಲ್ಲ. ಬೆಲೆ ಏರದೆ 100ರಲ್ಲೇ ನಿಂತರೂ ಬಡ್ಡಿಯೊಂದೇ ಸ್ವಂತ ಪಾಲಿನ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ.

ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನವೀಕರಣದ ಸಾಲ ಸಾಮಾನ್ಯವಾಗಿ ಒಂದೇ ಗಂಟಾಗಿ ಕೈಗೆ ಬರುವುದಿಲ್ಲ. ಒಂದು ಹಂತದ ಕೆಲಸ ಮುಗಿಯಬೇಕು, ಸಾಲ ಕೊಟ್ಟವರ ಕಡೆಯವರು ಬಂದು ನೋಡಬೇಕು, ಆಮೇಲೆ ಆ ಹಂತದ ಹಣ. ಬಚ್ಚಲುಮನೆಯ ಟೈಲ್ಸ್ ಕಿತ್ತ ದಿನ ಒಳಗಿನ ಪೈಪು ತುಕ್ಕು ಹಿಡಿದು ಉದುರಿದರೆ, ಹೊಸ ಪೈಪಿನ ದುಡ್ಡು, ಕೊಳಾಯಿ ಕೆಲಸದವರ ಕೂಲಿ ಅಂದೇ ಬೇಕು. ಅದು ಸಾಲದ ಅಂದಾಜುಪಟ್ಟಿಯಲ್ಲಿ ಇರುವುದೇ ಇಲ್ಲ. ನಿಜವಾದ ಅರ್ಥದಲ್ಲಿ ‘ಬಂಡವಾಳ ಬಯಲಾಗುವುದು’ ಆ ಹೊತ್ತಿಗೆ. ಕೈಯಲ್ಲಿ ಕಾಸಿಲ್ಲದೆ ಕೆಲಸ ನಿಂತ ಮನೆ ಅರ್ಧ ಕಿತ್ತ ಗೋಡೆಗಳೊಂದಿಗೆ ಬಿದ್ದಿರುತ್ತದೆ. ಬಡ್ಡಿ ಮಾತ್ರ ನಡೆಯುತ್ತಲೇ ಇರುತ್ತದೆ.

ಸ್ವಂತ ಹಣ ಕಡಿಮೆ ಇರುವವರು ಈ ಕೆಲಸಕ್ಕೆ ಇಳಿಯಲೇಬಾರದು ಎಂದು ನಾನು ಹೇಳುತ್ತಿಲ್ಲ, ದಾರಿಗಳಿವೆ. ಪಾಲುದಾರರೊಬ್ಬರು ಹಣ ಹಾಕಿ, ನೀವು ದುಡಿಮೆ ಹಾಕಬಹುದು. ಮಾರುವವರು ಒಪ್ಪಿದರೆ ಬೆಲೆಯನ್ನು ಕಂತಿನಲ್ಲಿ ತೀರಿಸಬಹುದು. ಈಗಿರುವ ಮನೆಯನ್ನು ಅಡವಿಟ್ಟು ಸಾಲ ತರಬಹುದು. ಈ ಕೊನೆಯ ದಾರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಏಕೆಂದರೆ ಆಗ ಪಣಕ್ಕೆ ಬೀಳುವುದು ಕೊಂಡ ಮನೆಯೊಂದೇ ಅಲ್ಲ, ಮಕ್ಕಳು ಮಲಗುವ ಮನೆಯೂ ಹೌದು. ಈ ಮೂರರಲ್ಲೂ ಬಂಡವಾಳ ಇದೆ: ಮೊದಲನೆಯದರಲ್ಲಿ ಪಾಲುದಾರರದು, ಎರಡನೆಯದರಲ್ಲಿ ಮಾರಿದವರು ಕಾದು ಕೊಟ್ಟಿದ್ದು, ಮೂರನೆಯದರಲ್ಲಿ ನಿಮ್ಮದೇ ಸೂರು. ಹಾಗಾಗಿ ‘ಕಡಿಮೆ ಸ್ವಂತ ಪಾಲು, ಹೆಚ್ಚು ಸಾಲ’ ಎಂದೇ ಬರೆಯಲಿ. ‘ಬಂಡವಾಳರಹಿತ’ ಎಂದು ಬರೆದವರನ್ನು ಆ 90 ಯಾರದು, ಅದನ್ನು ಯಾವಾಗ ಮರಳಿಸಬೇಕು ಎಂದು ಕೇಳಿ.